ಸೂರಕ್ಕಿ ಗೂಡಿನ ಮುಂದಿದ್ದ ಚಂದ್ರಿಕೆ

ಇದನ್ನು ಹೇಳಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಲೇ ಮುಂದೂಡಿದ್ದೇನೆ. ಯುಗಾದಿ ಕಳೆಯಲಿ, ಕಣ್ಣಿನ ಆಪರೇಷನ್ ಮುಗಿಯಲಿ ಎಂದು ನೆಪ ಹುಡುಕಿದೆ. ಹೋದ ಕಾರ್ತೀಕದಲ್ಲಿ ತಂಗಿ ತೀರಿಕೊಂಡಳು. ಇನ್ನು ಅವಳಿಗೆ ಹೇಳುವಂತಿಲ್ಲ.

ನನ್ನದು ಹತ್ತನೇ ತರಗತಿಯ ಓದು. ಶಿಡ್ಲಘಟ್ಟದಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದೆ. ಕೆಲಸ ಕಲಿತದ್ದು ರೀಲಿನ ಕಾಲದಲ್ಲಿ. ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಂಡರೆ ಮದುವೆ ಮನೆಯವರು ಆಲ್ಬಮ್ ವಾಪಸು ತಂದು ಮೇಜಿನ ಮೇಲೆ ಎಸೆಯುತ್ತಿದ್ದರು. ಹಾಗಾಗಿ ಬೆಳಕು ಹೆಚ್ಚು ಬೇಡಿದರೂ ಕಾಳು ಬಾರದ ನೂರನೇ ನಂಬರಿನ ರೀಲು ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಬೆಳಕು ಸಾಲದಿದ್ದರೆ ಮದುಮಗಳನ್ನು ಕಿಟಕಿಯ ಬಳಿಗೆ ಕರೆಯುತ್ತಿದ್ದೆ, ಇಲ್ಲವೇ ಅಡ್ಡವಿದ್ದ ಪರದೆ ತೆಗೆಸುತ್ತಿದ್ದೆ. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ.

ಸ್ಟುಡಿಯೋ ಮುಚ್ಚಿದ ಮೇಲೆ ಹಕ್ಕಿಗಳ ಹುಚ್ಚು ಹಿಡಿದು ಡಿಜಿಟಲ್ ಕ್ಯಾಮೆರಾ ಕೊಂಡೆ. ಕಲಿಸಿದವಳು ಮೇಲೂರಿನಲ್ಲಿದ್ದ ನನ್ನ ತಂಗಿಯ ಓರಗಿತ್ತಿ, ಅಂದರೆ ತಂಗಿಯ ಮೈದುನನ ಹೆಂಡತಿ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇಬ್ಬರಿಗೂ ಒಂದೇ ಮನೆ, ಒಂದೇ ಒಲೆ, ಒಂದೇ ರೇಷ್ಮೆ ಹುಳುಮನೆ. ಭಾನುವಾರ ನಾನು ಹೋದರೆ ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಪಾಠ ಹೇಳುತ್ತಿದ್ದಳು.

"ರೆಕ್ಕೆ ಅಲುಗಾಡ್ದಂಗೆ ಬರಬೇಕಂದ್ರೆ ಶಟರ್ ಸಾವಿರಕ್ಕೆ ಇಡಿ ಅಣ್ಣ. ಬೆಳಕು ಸಾಲ್ದಿದ್ರೆ, ನಿಮ್ಮ ರೀಲಿನ ನಂಬರ್ ಇದ್ದಂಗಿರೋ ಈ ಐಎಸ್‌ಒ ಏರ್ಸಿ. ಎಂಟ್ನೂರು, ಸಾವಿರದಾರ್ನೂರು, ಏನೂ ಆಗಲ್ಲ."

"ಕಾಳು ಬರುತ್ತೆ ಕಣಮ್ಮ."

"ಬರ್ಲಿ ಬಿಡಿ. ಅವರೆಕಾಳು ಸಾರು ಎರಡು ಸಲ ಬಡಿಸ್ಕೊಂಡ್ರಲ್ಲ, ಆವಾಗ ಹೆದರ್ಕೆ ಆಗ್ಲಿಲ್ವಾ?"

ತಂಗಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಸ್ಕೂಲಲ್ಲೂ ಹಿಂಗೇ ಕಣೇ ಇವ್ನು. ಮೇಷ್ಟ್ರು ಹೇಳಿದ್ದೊಂದು, ಇವ್ನು ಮಾಡೋದೊಂದು."

ಆ ಬೇಸಿಗೆಯಲ್ಲಿ ಹಿತ್ತಲ ದಾಳಿಂಬೆಯಲ್ಲಿ, ಹೂವಿನ ಮಧು ಹೀರುವ ಪುಟ್ಟ ಸೂರಕ್ಕಿ ಗೂಡು ನೇತುಹಾಕಿತು. ಮಂಡಿ ನೋವಿಗೆ ಸಿಕ್ಕಿ ಎಲ್ಲಿಗೂ ಹೋಗಲಾಗದ ತಂಗಿ, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ದಿನವೆಲ್ಲ ಅದನ್ನೇ ನೋಡುತ್ತಿದ್ದಳು. ಎರಡು ಮರಿಗಳಾದವು. ಪಡುವಣ ಬಿಸಿಲಿಗೂ ಕಾಗೆಯ ಕಣ್ಣಿಗೂ ಮರೆಯಾಗಲೆಂದು ಗೂಡಿನ ಆಚೆಗೆ ಒಂದು ಚಂದ್ರಿಕೆ ನಿಲ್ಲಿಸಿದಳು. ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ.

"ನಾಳೆ ಹುಳ ಹಣ್ಣಾಗ್ತವೆ, ಚಂದ್ರಿಕೆ ಸಾಲಲ್ಲ. ಅದೊಂದು ಕೊಡಕ್ಕ," ಎಂದು ಟೀಚರು ಕೇಳಿದಾಗ ನಾನೂ ಅಲ್ಲಿದ್ದೆ.

"ಮರಿ ಹಾರೋವರ್ಗೂ ಅದನ್ನ ಮುಟ್ಟಿದ್ರೆ ನೋಡು!" ಎಂದಳು ತಂಗಿ.

ಅದೇ ಮಧ್ಯಾಹ್ನ ತಂಗಿ ಒಳಗೆ ಮಲಗಿದ್ದಳು, ಟೀಚರು ಸೊಪ್ಪಿಗೆಂದು ತೋಟಕ್ಕೆ ಹೋಗಿದ್ದಳು. ತಾಯಿಹಕ್ಕಿ ಕೊಕ್ಕಿನಲ್ಲಿ ಜೇಡ ಹಿಡಿದು ಬಂತು. ಶಟರ್ ಸಾವಿರಕ್ಕಿಟ್ಟು ತೆಗೆದೆ. ಚಿತ್ರ ಕಪ್ಪಾಯಿತು. ಐಎಸ್‌ಒ ಗುಂಡಿಯ ಮೇಲೆ ಬೆರಳಿತ್ತು. ಏರಿಸಲಿಲ್ಲ. ಎದ್ದು ಹೋಗಿ ಚಂದ್ರಿಕೆ ತೆಗೆದು ಹುಳುಮನೆಯ ಗೋಡೆಗೆ, ಉಳಿದವುಗಳ ಪಕ್ಕದಲ್ಲಿ ಒರಗಿಸಿದೆ. ಗೂಡಿನ ಮೇಲೆ ಬಿಸಿಲು ಸುರಿಯಿತು. ಅಂಥ ಚಿತ್ರವನ್ನು ನಾನು ಜೀವಮಾನದಲ್ಲಿ ತೆಗೆದಿರಲಿಲ್ಲ. ಆ ಸಂಭ್ರಮದಲ್ಲಿ ತಟ್ಟಿಯನ್ನು ಮರೆತು ಐದು ಗಂಟೆಯ ಬಸ್ಸಿಗೆ ಓಡಿದೆ.

ಮುಂದಿನ ಭಾನುವಾರ ಹೋಗುವಾಗ ವಾರವಾದರೂ ಆರದ ಜಗಳ ಬೀದಿಗೇ ಕೇಳಿಸುತ್ತಿತ್ತು. ನಾನು ಹೊರಟ ಸಂಜೆಯೇ, ತಂಗಿ ಎದ್ದು ಬರುವಷ್ಟರಲ್ಲಿ, ಕಾಗೆ ಗೂಡನ್ನು ಹರಿದು ಮರಿಗಳನ್ನು ಒಯ್ದಿತ್ತು. ಆ ಚಂದ್ರಿಕೆಯ ತುಂಬ ಟೀಚರು ಬಿಟ್ಟ ಹುಳುಗಳು ಗೂಡು ಕಟ್ಟಿದ್ದವು.

"ಗೋಡೆಗೆ ಒರಗಿತ್ತು, ನೀನೇ ಕೊಟ್ಟೆ ಅಂದ್ಕೊಂಡು ತಗೊಂಡೆ ಅಕ್ಕ."

"ಅದಕ್ಕೇನು ಕಾಲಿದ್ವಾ ನಡ್ಕೊಂಡು ಹೋಗಕ್ಕೆ? ನಾನು ಕುಂಟಿ, ಎದ್ದು ಬರಲ್ಲ ಅಂತ ತಾನೇ?"

ಟೀಚರು ನನ್ನ ಕಡೆ ತಿರುಗಿದಳು. "ಅಣ್ಣ, ಆವತ್ತು ನೀವಿದ್ರಲ್ಲ. ಯಾರು ತೆಗ್ದಿದ್ದು ಅಂತ ನೋಡಿದ್ರಾ?"

"ನಾನು ನೋಡ್ಲಿಲ್ಲಮ್ಮ," ಎಂದೆ.

ಆ ಒಂದು ಮಾತಿಗೆ ಒಲೆ ಎರಡಾಯಿತು. ವರ್ಷದೊಳಗೆ ಅವಳು ಗೌರಿಬಿದನೂರಿಗೆ ವರ್ಗ ಮಾಡಿಸಿಕೊಂಡು ಗಂಡನ ಜೊತೆ ಹೊರಟುಹೋದಳು. ತಂಗಿ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ. ಹೆಣದ ಮುಂದೆ ಅವಳು ಬಂದು ನಿಂತಾಗ ನೆಂಟರೆಲ್ಲ ಮುಖ ತಿರುಗಿಸಿಕೊಂಡರು. ನಾನು ನೆಲ ನೋಡಿದೆ.

ತಿಥಿ ಮುಗಿದ ಮೇಲೆ, ಈ ಸಲ ಹೇಳಿಯೇ ತೀರುವೆನೆಂದು ಗೌರಿಬಿದನೂರಿಗೆ ಹೋದೆ. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ, ಸೆಟ್ಟಿಂಗ್ ಮರೆತಿದೆ ಎಂಬ ನೆಪಕ್ಕೆ ಕ್ಯಾಮೆರಾ ಹಿಡಿದುಕೊಂಡಿದ್ದೆ. ಕಾಫಿ ಕೊಟ್ಟು, ಕ್ಯಾಮೆರಾ ತೆಗೆದುಕೊಂಡು, ಹಳೆಯ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋದಳು. ಸೂರಕ್ಕಿ ಬಂದಾಗ ಬೆರಳು ನಿಂತಿತು. ಗುಂಡಿ ಒತ್ತಿದಳು. ಚಿತ್ರದ ಕೆಳಗೆ ಅಂಕಿಗಳು ಮೂಡಿದವು.

"ಐಎಸ್‌ಒ ನೂರು, ಶಟರ್ ಸಾವಿರ," ಎಂದು ಓದಿದಳು. "ಚಂದ್ರಿಕೆ ಅಡ್ಡ ಇದ್ದು ಗೂಡು ನೆರಳಲ್ಲಿತ್ತು. ಇಷ್ಟು ಬೆಳಕು ಎಲ್ಲಿಂದ ಬಂತಣ್ಣ?"

ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬಾಯಿಂದ ಬರಲೆಂದು ಕಾಯುತ್ತಿದ್ದಳು.

"ಏನೋಪ್ಪ, ಕ್ಯಾಮೆರಾನೇ ಏನೋ ಮಾಡ್ಕೊಂಡಿರ್ಬೇಕು," ಎಂದೆ.

ಅವಳು ಸ್ವಿಚ್ ಆರಿಸಿ ಕ್ಯಾಮೆರಾವನ್ನು ನನ್ನ ಮಡಿಲಲ್ಲಿಟ್ಟಳು. "ಕಾಫಿ ಆರೋಗ್ತಿದೆ, ಕುಡೀರಿ."

ಅವಳಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತು. ಆದರೂ ಫೋನು ಎತ್ತಿಕೊಳ್ಳುತ್ತೇನೆ, ಇಡುತ್ತೇನೆ. ನನಗಿನ್ನು ಎಷ್ಟು ದಿನ ಉಳಿದಿದೆಯೋ ತಿಳಿಯದು. ತಂಗಿಯ ಫೋಟೊದ ಮುಂದೆ ತಪ್ಪಾಯಿತೆಂದು ದಿನವೂ ಕೈಮುಗಿಯುತ್ತೇನೆ. ಸತ್ತವಳು ತಿರುಗಿ ಕೇಳುವುದಿಲ್ಲವಲ್ಲ, ಅದು ಸುಲಭ. ಬದುಕಿರುವ ಒಬ್ಬಳಿಗೆ ಮಾತ್ರ ಇಂದಿಗೂ ಹೇಳಿಲ್ಲ. ಗೌರಿಬಿದನೂರಿನ ಆ ಟೀಚರಮ್ಮನಿಗೆ, ನನ್ನ ತಂಗಿಯ ಓರಗಿತ್ತಿಗೆ.