ಮೇಲಿನ ವಾರ್ಡಿನ ಬಟ್ಟಲು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಅಡುಗೆಮನೆ ಅವಳದ್ದು. ಊಟದ ತಟ್ಟೆಗಳು ತೊಳೆಯಲು ವಾಪಸು ಬರುವ ಹೊತ್ತಿಗೆ ಅವಳು ತೊಟ್ಟಿಯ ಬಳಿ ನಿಂತು, ಯಾರು ಎಷ್ಟು ಬಿಟ್ಟಿದ್ದಾರೆ ಎಂದು ನೋಡುವಳು. ಅರ್ಧಕ್ಕರ್ಧ ಉಳಿದಿರುತ್ತಿತ್ತು. ಕಾಯಿಲೆಯವರ ಬಾಯಿಗೆ ಅಮೃತವೂ ಕಹಿಯೇ ಎಂದು ಸಮಾಧಾನ ಮಾಡಿಕೊಳ್ಳುವಳು.

ಗಂಡನ ತಂಗಿ ವಿಧವೆಯಾದಾಗ, ಮೇಲ್ವಿಚಾರಕರ ಬಳಿ ನಾಲ್ಕು ಸಲ ಅಲೆದು ಅವಳಿಗೆ ಅಲ್ಲೇ ಕೆಲಸ ಕೊಡಿಸಿದವಳು ದೊಡ್ಡಕ್ಕನೇ. ಅಡುಗೆಮನೆ ಒಂದೇ, ಒಲೆ ಎರಡು. ಕೆಳಗಿನ ವಾರ್ಡಿಗೆ ದೊಡ್ಡಕ್ಕ, ಮೇಲಿನ ವಾರ್ಡಿಗೆ ನಾದಿನಿ. ವಾರ ಕಳೆಯುವುದರೊಳಗೆ ನಾದಿನಿಗೆ ಚಿಕ್ಕಕ್ಕ ಎಂಬ ಹೆಸರು ಬಿತ್ತು. ಅಲ್ಲಿಯವರೆಗೆ ದೊಡ್ಡಕ್ಕನಿಗೂ ಖುಷಿಯೇ.

ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ಸೋಮವಾರ ಎಲೆಕೋಸು, ಮಂಗಳವಾರ ಬೀನ್ಸ್, ಬುಧವಾರ ಕ್ಯಾರೆಟ್. ಬಿಸಿಲಿರಲಿ, ಚಳಿಯಿರಲಿ, ಅದು ಬದಲಾಗಿದ್ದಿಲ್ಲ. ತರಕಾರಿಯೆಲ್ಲ ಶೈತ್ಯಾಗಾರದಿಂದ ವ್ಯಾನಿನಲ್ಲಿ ಬರುತ್ತಿತ್ತು. ಒಂದು ಮಂಗಳವಾರ ಚಿಕ್ಕಕ್ಕ ಒಂದು ಬೀನ್ಸ್ ಎತ್ತಿ ಮುರಿಯಲು ನೋಡಿದಳು. ಅದು ಮುರಿಯಲಿಲ್ಲ, ಬಾಗಿತು.

"ಅತ್ತಿಗೆ, ಇದರ ಕಾಲ ಮುಗಿದು ಎರಡು ತಿಂಗಳಾಯ್ತು. ಬರೀ ನಾರು."

"ಆಸ್ಪತ್ರೆಗೆ ಕಾಲಗೀಲ ಏನೂ ಇಲ್ಲ ಕಣೇ. ಪಟ್ಟೀಲಿ ಇರೋದನ್ನ ಬೇಯಿಸು."

"ಮಾರ್ಕೆಟ್ಟಲ್ಲಿ ಹಸಿ ಬಟಾಣಿ ರಾಶಿ ಬಿದ್ದಿದೆ. ಬೆಳಿಗ್ಗೆ ಕಿತ್ತಿದ್ದು, ಅಗ್ಗ ಬೇರೆ. ಒಂದು ಸಲ ಕೇಳಿ ನೋಡ್ಲಾ?"

ಕೇಳಿದಳು. ಅಗ್ಗ ಎಂಬ ಮಾತಿಗೆ ಮೇಲ್ವಿಚಾರಕರು ಅಲ್ಲೇ ತಲೆಯಾಡಿಸಿದರು. ಅಂದಿನಿಂದ ಮೇಲಿನ ವಾರ್ಡಿಗೆ ಆಯಾ ಕಾಲದ್ದು ಹೋಯಿತು: ಬಟಾಣಿ, ಆಮೇಲೆ ಎಳೆ ಮೂಲಂಗಿ, ಬಿಸಿಲು ಏರಿದಾಗ ಸೌತೆಕಾಯಿ, ಕಲ್ಲಂಗಡಿ. ಮೇಲಿನ ತಟ್ಟೆಗಳು ನೆಕ್ಕಿದಂತೆ ಖಾಲಿಯಾಗಿ ಬಂದವು. ದೊಡ್ಡಕ್ಕ ತೊಟ್ಟಿಯ ಬಳಿ ನಿಲ್ಲುವುದನ್ನೇ ಬಿಟ್ಟಳು.

ಒಂದು ದಿನ ಡಾಕ್ಟರಮ್ಮ ಅಡುಗೆಮನೆಗೇ ಇಳಿದು ಬಂದರು. "ಕಾಲಕ್ಕೆ ಸರಿಯಾಗಿ ಬಂದಿದ್ದು ಗಿಡದಲ್ಲೇ ಬಲಿತಿರುತ್ತೆ, ಕಿತ್ತ ಮೇಲೆ ಬೇಗ ತಟ್ಟೆಗೂ ಬರುತ್ತೆ. ಸತ್ವ ಕಮ್ಮಿಯಾಗಲ್ಲ, ರುಚೀನೂ ಇರುತ್ತೆ. ರುಚಿಯಿದ್ರೆ ತಿಂತಾರೆ, ತಿಂದ್ರೆ ಬೇಗ ಏಳ್ತಾರೆ," ಎಂದರು. ಹೇಳುವಾಗ ನೋಡುತ್ತಿದ್ದುದು ಚಿಕ್ಕಕ್ಕನ ಮುಖವನ್ನು. ದೊಡ್ಡಕ್ಕ ಅಲ್ಲೇ ನಿಂತು ಎಲೆಕೋಸು ಹೆಚ್ಚುತ್ತಿದ್ದಳು. ಅಂದು ಹೆಚ್ಚಿದ ಕೋಸು ಪುಡಿಪುಡಿಯಾಗಿತ್ತು.

ಮನೆಗೆ ಹೋದರೆ ಗಂಡನದ್ದೂ ಅದೇ ರಾಗ. "ನನ್ನ ತಂಗಿ ಥೇಟ್ ನಮ್ಮಮ್ಮ. ಕಾಯಿ ಮುಟ್ಟಿದ್ರೆ ಅದರ ವಯಸ್ಸು ಹೇಳ್ತಾಳೆ."

"ಹಾಗಾದ್ರೆ ನಾಳೆಯಿಂದ ಅವಳ ಕೈಯಡುಗೇನೇ ಉಣ್ಣಿ," ಎಂದು ದೊಡ್ಡಕ್ಕ ಪಾತ್ರೆಯ ಮುಚ್ಚಳ ಕುಕ್ಕಿದಳು. ತಾನೇ ಕೈಹಿಡಿದು ಕರೆತಂದವಳು, ತನ್ನ ಬುಡಕ್ಕೇ ಕೊಡಲಿ ಹಾಕಿದಳಲ್ಲ ಎಂದು ಹೊಟ್ಟೆ ಉರಿಯಿತು. ಉರಿಯುವ ಹೊಟ್ಟೆಗೆ ಹಸಿವೂ ಆಗುವುದಿಲ್ಲ. ಆ ತಿಂಗಳು ಅವಳು ಇಳಿದುಹೋದಳು.

ಸೋಲಬಾರದೆಂದು ಒಮ್ಮೆ ವ್ಯಾನಿನವನಿಗೆ ಹೇಳಿ, ಕಾಲವಲ್ಲದ ಕಾಲದಲ್ಲಿ ದ್ರಾಕ್ಷಿ ತರಿಸಿದಳು. ನೋಡಲು ಮಣಿಯ ಹಾಗೆ, ಬಾಯಿಗೆ ಬರೀ ನೀರು. ಕೆಳಗಿನ ವಾರ್ಡಿನವರು ಎರಡೆರಡು ತಿಂದು ಪಕ್ಕಕ್ಕಿಟ್ಟರು.

ಆ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ನಿವೃತ್ತ ರೈಲು ಚಾಲಕನಿದ್ದ. ಆಪರೇಷನ್ ಆದ ಮೇಲೆ ಅನ್ನವನ್ನೇ ಮುಟ್ಟುತ್ತಿರಲಿಲ್ಲ. ದೊಡ್ಡಕ್ಕನಿಗೆ ಅವನ ಮೇಲೆ ಅಕ್ಕರೆ. ಅವನೂ ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದ: "ತಪ್ಪು ತಿಳ್ಕೋಬೇಡಮ್ಮ. ಮೇಲಿನವರಿಗೆ ಕುಂಬಳಕಾಯಿ ಸೂಪ್ ಅಂತೆ. ಒಂದೇ ಒಂದು ಬಟ್ಟಲು ಸಿಗುತ್ತಾ?"

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ಮರುದಿನ ಚಿಕ್ಕಕ್ಕ ಹೊರಗೆ ಹೋಗಿದ್ದಾಗ, ಮೇಲಿನ ವಾರ್ಡಿನ ತಳ್ಳುಗಾಡಿಯಿಂದ ಒಂದು ಬಟ್ಟಲು ಎತ್ತಿ ತಂದು ಅವನ ಮುಂದಿಟ್ಟಳು.

"ಮೇಲಿನದಾ?"

"ನಂದೇ. ನನಗೇನು ಮಾಡೋಕೆ ಬರಲ್ವಾ?" ಬಾಯಿಂದ ತಾನಾಗಿ ಬಂದುಬಿಟ್ಟಿತು.

ಅವನು ತಳ ಕಾಣುವವರೆಗೆ ತಿಂದ. ಅದು ರೂಢಿಯಾಯಿತು. ಹದಿನೇಳು ದಿನ ಅವಳು ಕದ್ದಳು, ಹದಿನೇಳು ದಿನವೂ ಹೊಗಳಿಕೆ ಕೇಳಿದಳು. ಕದ್ದ ಹೊಗಳಿಕೆಯೂ ಸಿಹಿಯಾಗಿಯೇ ಇತ್ತು. ಚಾಲಕನ ಮುಖಕ್ಕೆ ಬಣ್ಣ ಬಂತು, ಗೋಡೆ ಹಿಡಿಯದೆ ನಡೆದ.

ಮನೆಗೆ ಹೊರಟ ದಿನ ಅವನು ಅಡುಗೆಮನೆಯ ಬಾಗಿಲಿಗೇ ಬಂದ. ಮೇಲ್ವಿಚಾರಕರು, ನರ್ಸುಗಳು, ಚಿಕ್ಕಕ್ಕ ಎಲ್ಲರೂ ಅಲ್ಲಿದ್ದರು. "ನನ್ನ ಎಬ್ಬಿಸಿ ಕೂರಿಸಿದ್ದು ಈ ದೊಡ್ಡಕ್ಕನ ಸೂಪು," ಎಂದು ಕೈ ಮುಗಿದ.

ಕೆಳಗಿನ ವಾರ್ಡಿಗೆ ಸೂಪು ಹೋಗುವುದೇ ಇಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಯಾರೋ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಕ್ಕ ಹೇಳಿದಳು: "ಹೌದಜ್ಜ, ಅತ್ತಿಗೆ ಕೈ ಹಾಗೇನೆ. ಹುಷಾರಾಗಿ ಹೋಗಿಬನ್ನಿ."

ಎಲ್ಲರೂ ಹೋದ ಮೇಲೆ ದೊಡ್ಡಕ್ಕ ಒಲೆಯ ಕಡೆ ತಿರುಗಿಕೊಂಡೇ ಕೇಳಿದಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಎರಡನೇ ದಿನ. ಮೂರನೇ ದಿನದಿಂದ ಒಂದು ಬಟ್ಟಲು ಜಾಸ್ತಿ ಮಾಡ್ತಿದ್ದೆ."

ಬೈದಿದ್ದರೆ ದೊಡ್ಡಕ್ಕನಿಗೆ ಹಗುರವಾಗುತ್ತಿತ್ತು. ಇದುವರೆಗೆ ನಾದಿನಿಯ ಕೈಗುಣಕ್ಕೆ ಮಾತ್ರ ಹೊಟ್ಟೆಕಿಚ್ಚು ಪಟ್ಟಿದ್ದಳು. ಈಗ ಅವಳ ಒಳ್ಳೆಯತನಕ್ಕೂ ಪಡಬೇಕಾಯಿತು. ಮೂರನೆಯ ದಿನ ಬೆಳಿಗ್ಗೆ ಗೋಡೆಯ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿ, ಚೀಲ ಹಿಡಿದು ಒಬ್ಬಳೇ ಮಾರುಕಟ್ಟೆಗೆ ನಡೆದಳು.

ಮೊದಮೊದಲು ಮೋಸ ಹೋದಳು. ಬಲಿತ ಬೆಂಡೆ, ಒಳಗೆ ಹುಳುಕಿನ ಬದನೆ. ನಾದಿನಿಯನ್ನು ಕೇಳಲು ಮನಸ್ಸು ಒಪ್ಪಲಿಲ್ಲ. ಬೆಂಡೆಯ ತುದಿ ಮುರಿದು, ಕಲ್ಲಂಗಡಿಗೆ ಬೆರಳು ಬಡಿದು, ರೈತ ಹೆಂಗಸರ ಜೊತೆ ಹರಟೆ ಹೊಡೆದು, ಯಾವುದು ಯಾವಾಗ ಬರುತ್ತದೆ ಎಂದು ಒಂದು ವರ್ಷದಲ್ಲಿ ಕಲಿತಳು. ಕೆಳಗಿನ ವಾರ್ಡಿನವರೂ ಎರಡನೇ ಸಲ ಬಡಿಸಿ ಎನ್ನತೊಡಗಿದರು.

ಹೊಟ್ಟೆಕಿಚ್ಚು ಆರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಮೊನ್ನೆ ಟೊಮೆಟೊ ಕಾಲ ಶುರುವಾದಾಗ ಅವಳು ತಂದ ಹಣ್ಣನ್ನು ಚಿಕ್ಕಕ್ಕ ಕೈಯಲ್ಲಿ ಹಿಡಿದು ಮೂಸಿದಳು.

"ಎಷ್ಟು ಚೆನ್ನಾಗಿವೆ ಅತ್ತಿಗೆ. ಯಾರ ಹತ್ರ ತಗೊಂಡ್ರಿ?"

"ಹೀಗೇ, ದಾರೀಲಿ ಸಿಕ್ತು," ಎಂದಳು ದೊಡ್ಡಕ್ಕ.