ಅವ್ವನ ಆನೆಗಳು, ನಮ್ಮ ಊಟದ ಮೇಜು

ಅಹಿಂಸೆಯಿಂದಲೇ ಯುದ್ಧ ಗೆದ್ದೆ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆ ಭಾನುವಾರ ಮಸ್ಕಿಯ ನಮ್ಮ ಮನೆಯಲ್ಲಿ ನಾನು ಕಂಡದ್ದನ್ನು ಕಂಡ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿದ್ದದ್ದು ಒಂದೇ ಮೇಜು. ಊಟಕ್ಕೆಂದು ಸಿಂಧನೂರಿನ ಬಡಿಗನಿಂದ ಮಾಡಿಸಿದ್ದು. ಬೇಸಿಗೆಯಿಂದ ಅದರ ಮೇಲೆ ನನ್ನ ಎರಡು ಸೇನೆಗಳು ಬೀಡುಬಿಟ್ಟಿದ್ದವು: ಹೆಬ್ಬೆರಳಿಗಿಂತ ಸಣ್ಣ ಸೈನಿಕರು, ನಾನೇ ಬಣ್ಣ ಹಚ್ಚಿದವರು. ಒಂದು ಕಡೆ ಆನೆಗಳ ಸಮೇತ ಮೌರ್ಯರು, ಎದುರಿಗೆ ಕಳಿಂಗದವರು. ಅಳತೆಪಟ್ಟಿ ಹಿಡಿದು ಸೈನಿಕರನ್ನು ನಡೆಸಬೇಕು, ದಾಳ ಹಾಕಿ ಹೊಡೆಯಬೇಕು. ಸೇನಾಪತಿ ಬಿದ್ದರೆ ಆ ಸೇನೆ ಸೋತಂತೆ. ಪುರಾತನ ಯುದ್ಧಗಳನ್ನು ಹೀಗೆ ಆಡುವುದು ನನ್ನ ಹುಚ್ಚು. ಮನೆಯವರೆಲ್ಲ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಅವ್ವನಿಗೆ ಮೊಣಕಾಲು ನೋವು. ಉಂಡಾದ ಮೇಲೆ ಗೋಡೆ ಹಿಡಿದೇ ಏಳುತ್ತಿದ್ದಳು.

ಆ ದಿನ ಬಂದು, "ನನಗೂ ಈ ಆಟ ಕಲಿಸೋ ತಮ್ಮಾ," ಎಂದಳು. "ನಾ ಗೆದ್ರ ಮೇಜು ಊಟಕ್ಕ. ನೀ ಗೆದ್ರ ಮತ್ತ ಮೇಜಿನ ಮಾತ ಎತ್ತಂಗಿಲ್ಲ."

ಲಿಂಗಸುಗೂರಿನ ಗೆಳೆಯನೊಬ್ಬನನ್ನು ಬಿಟ್ಟರೆ ನನ್ನ ಜೊತೆ ಆಡುವವರು ಇರಲಿಲ್ಲ. ಕೂಡಲೇ ಒಪ್ಪಿದೆ. ಅವ್ವ ಮೌರ್ಯರನ್ನೇ ಕೇಳಿದಳು. ನಮ್ಮದು ಬೌದ್ಧರ ಮನೆ. ಕಳಿಂಗವನ್ನು ಗೆದ್ದು, ಸತ್ತವರನ್ನು ನೆನೆದು ಮರುಗಿ, ಯುದ್ಧವನ್ನೇ ಬಿಟ್ಟ ರಾಜ ನಮ್ಮೂರ ಬಂಡೆಯ ಮೇಲೂ ಶಾಸನ ಬರೆಸಿದ್ದಾನೆ. ಅವಳಿಗೆ ಅವನು ತವರಿನವನಿದ್ದಂತೆ.

ಆಟ ಶುರುವಾಯಿತು. ಅವ್ವ ಆನೆಗಳನ್ನೆಲ್ಲ ಒಮ್ಮೆಗೇ ಮುಂದೆ ನೂಕಿದಳು. ನಾನು ದಾಳ ಹಾಕಿದೆ. ಒಂದು ಆನೆ ಬಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು.

"ನಮ್ಮ ರಾಜಗ ದುಃಖ ಆತು. ಯುದ್ಧ ಸಾಕು," ಎಂದು ಕಣ್ಣು ಮುಚ್ಚಿ ಕೈ ಮುಗಿದಳು.

"ಅವ್ವ, ಆತ ಮರುಗಿದ್ದು ಗೆದ್ದ ಮ್ಯಾಲೆ. ನಡಕ ಅಲ್ಲ."

"ಆತಗ ತಿಳಿಯಾಕ ತಡ ಆತು. ನನಗ ಲಗೂನ ತಿಳೀತು."

"ಹಂಗಾರ ನೀ ಸೋತಿ."

"ಸೋತೀನಿ ಅಂದ್ನೇನು? ಈಗ ನಿಂದು ಪಾಳಿ. ಕೈ ಮುಗದು ನಿಂತವರನ್ನ ಹೊಡೀತಿ ಅಂದ್ರ ಹೊಡಿ."

ಹೆಂಡತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಹೊಡೀರಿ, ನಾನೂ ನೋಡ್ತೀನಿ," ಎಂದಳು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಇನ್ನೊಂದು ಏಟಿಗೆ ಅವ್ವನ ಸಾಲು ಮುರಿಯುತ್ತಿತ್ತು. ಆದರೆ ನನ್ನ ಕೈ ಏಳಲಿಲ್ಲ.

"ಈ ಪಾಳಿ ಬಿಟ್ಟೀನಿ," ಎಂದು ದಾಳ ಕೆಳಗಿಟ್ಟೆ.

ಅವ್ವ ಒಂದು ಕಣ್ಣು ತೆರೆದಳು. "ಬಿಟ್ಟಿ ಹೌದಲ್ಲೋ? ಹಂಗಾರ ಈಗ ನಂದು." ಉಳಿದ ಆನೆಗಳು ನೆಟ್ಟಗೆ ನನ್ನ ಸೇನಾಪತಿಯ ಮೇಲೆ ಬಂದವು.

"ಅವ್ವಾ! ರಾಜಗ ದುಃಖ ಆಗಿತ್ತಲ್ಲ?"

"ಆಗಿತ್ತಪಾ. ಈಗ ಸುಧಾರಿಸ್ಕೊಂಡಾನ."

ದಾಳದಲ್ಲಿ ಆರು ಬಿತ್ತು. ಸೇನಾಪತಿ ಉರುಳಿದ, ಕಳಿಂಗ ಓಡಿತು. ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಇದನ್ನು ತಡೆಯುವ ನಿಯಮ ಎಲ್ಲಿಯೂ ಇಲ್ಲ.

"ಅತ್ತಿ, ರೊಟ್ಟಿ ಎಲ್ಲಿ ಇಡಲ್ರಿ?" ಎಂದು ಹೆಂಡತಿ ನನ್ನನ್ನು ನೋಡುತ್ತಲೇ ಕೇಳಿದಳು.

"ಮೇಜಿನ ಮ್ಯಾಲೆ ಇಡವಾ."

ಎರಡೂ ಸೇನೆಗಳು ಬೂಟಿನ ಡಬ್ಬಿ ಸೇರಿ ಕಪಾಟಿನ ಮೇಲೇರಿದವು. ಅವ್ವ ಕುರ್ಚಿಯಲ್ಲಿ ಕೂತು ನಿಧಾನವಾಗಿ ಉಂಡಳು, ಗೋಡೆ ಹಿಡಿಯದೆ ಎದ್ದಳು. ಬಿದ್ದ ಆನೆಯನ್ನು ಮಾತ್ರ ಡಬ್ಬಿಗೆ ಹಾಕಲು ಬಿಡಲಿಲ್ಲ. ಅದು ಈಗಲೂ ಮೇಜಿನ ಮೇಲೆ, ಶೇಂಗಾ ಚಟ್ನಿಯ ಭರಣಿಯ ಪಕ್ಕದಲ್ಲೇ ಇದೆ.

"ಅದನ್ನ ನೋಡಿದ್ರನ ನಮ್ಮ ರಾಜಗ ದುಃಖ ಬರೂದು," ಎನ್ನುತ್ತಾಳೆ. "ಇರ್ಲಿ. ಬೇಕಾಗತೈತಿ."