ಸಮುದ್ರದಲ್ಲಿ ಗಾಲಿ ನೆನೆಹಾಕಿದ ದಿನ

ಅದು ಮೂವತ್ತೆಂಟನೇ ಇಸವಿಯ ಬೇಸಿಗೆ. ಹುಣಸೂರಿನಿಂದ ತಲಚೇರಿಗೆ ಗಾಡಿ ಹೊಡೆಯುವುದು ನನ್ನ ಕಸುಬು. ಹೋಗುವಾಗ ಅಕ್ಕಿ, ಬರುವಾಗ ಉಪ್ಪು, ತೆಂಗಿನಕಾಯಿ. ಆ ಸಲ ಮಾತ್ರ ಗಾಡಿಗೆ ಹೊಸ ಕಮಾನು ಕಟ್ಟಿ, ಮೂಟೆಗಳ ಮುಂದೆ ಹುಲ್ಲು ಹಾಸಿ, ನನ್ನ ಹೆಂಡತಿ ದೇವೀರಿಯನ್ನೂ ಕೂರಿಸಿಕೊಂಡು ಹೊರಟಿದ್ದೆ.

ಅದಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ನಮಗೊಂದು ಗಂಡುಮಗು ಹುಟ್ಟಿತ್ತು. ನಾನಾಗ ಘಾಟಿಯ ಆಚೆ ಇದ್ದೆ. ಊರು ಸೇರುವಷ್ಟರಲ್ಲಿ ಮಗು ಬಂದೂ ಆಗಿತ್ತು, ಹೋಗಿಯೂ ಆಗಿತ್ತು. ನಾನು ಅದರ ಮುಖ ನೋಡಲಿಲ್ಲ. ಅಂದಿನಿಂದ ದೇವೀರಿ ಊಟಕ್ಕೆ ಕರೆಯುವುದನ್ನು ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಯಾರೂ ಮಗುವಿನ ಮಾತೆತ್ತಬಾರದೆಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಸಮುದ್ರವನ್ನಾದರೂ ತೋರಿಸಿಕೊಂಡು ಬಾ ಎಂದು ಕಳಿಸಿದವಳೂ ಅವಳೇ.

ನನಗೋ ಗೊತ್ತಿರುವುದು ಒಂದೇ ಮದ್ದು, ತಮಾಷೆ. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ನಮ್ಮೂರ ಪಟೇಲರ ಕೆಮ್ಮು, ಸುಂಕದವನ ನಡಿಗೆ, ನಮ್ಮತ್ತೆಯ ಗೊರಕೆ ಎಲ್ಲವನ್ನೂ ಆಡಿ ತೋರಿಸಿದ್ದೆ. ವೀರಾಜಪೇಟೆಯ ಹತ್ತಿರ ಬೇಕೆಂದೇ ಗಾಡಿಯಿಂದ ಬಿದ್ದೆ. ಎತ್ತುಗಳು ತಿರುಗಿ ನೋಡಿದವು, ದೇವೀರಿ ನೋಡಲಿಲ್ಲ.

ತಲಚೇರಿಯಲ್ಲಿ ಅಕ್ಕಿ ಇಳಿಸಿ, ಕುಂಪಣಿ ಕಾಲದ ಕೋಟೆಯ ಕೆಳಗೆ ಸಮುದ್ರದ ದಂಡೆಗೆ ಗಾಡಿ ಹೊಡೆದೆ. ಘಾಟಿ ಇಳಿದು ಗಾಲಿಯ ಕಬ್ಬಿಣದ ಪಟ್ಟೆ ಗಡಗಡ ಅನ್ನುತ್ತಿತ್ತು. ಬೇಸಿಗೆಯಲ್ಲಿ ಮರ ಒಣಗಿ ಪಟ್ಟೆ ಸಡಿಲವಾದರೆ ನಮ್ಮ ಕಡೆ ಗಾಡಿಯನ್ನು ಕೆರೆಯ ಅಂಚಿನ ನೀರಲ್ಲಿ ನಿಲ್ಲಿಸುತ್ತೇವೆ. ಮರ ನೀರು ಕುಡಿದು ಉಬ್ಬುತ್ತದೆ, ಪಟ್ಟೆ ಬಿಗಿಯಾಗುತ್ತದೆ. ಹುಣಸೂರಿನ ಕೆರೆಯಲ್ಲೇ ಇಷ್ಟು ಚೆನ್ನಾಗಿ ನೆನೆದರೆ ಇಷ್ಟು ದೊಡ್ಡ ಕೆರೆಯಲ್ಲಿ ಹೇಗೆ ನೆನೆಯಬೇಡ? ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಎತ್ತುಗಳನ್ನು ಹಿಂದಕ್ಕೆ ನಡೆಸಿ ಗಾಲಿಗಳನ್ನು ನೀರಿಗೆ ಇಳಿಸಿದೆ. ನೊಗ ಕಳಚಿ ಎತ್ತುಗಳನ್ನು ತೆಂಗಿನ ಮರಕ್ಕೆ ಕಟ್ಟಿದೆ. ದೇವೀರಿ ಇಳಿಯಲೊಲ್ಲೆ ಎಂದು ತಲೆಯಾಡಿಸಿ, ಕಮಾನಿನ ಹಿಂದಿನ ಬಾಯಲ್ಲಿ ನೀರು ನೋಡುತ್ತಾ ಕೂತಳು. ನಾನು ಕೋಟೆ ನೋಡಲು ಹೋದೆ.

ಕೆರೆ ಬೇಸಿಗೆಯಲ್ಲಿ ಇಳಿಯುತ್ತದೆ, ಮಳೆಗಾಲದಲ್ಲಿ ಏರುತ್ತದೆ. ಒಂದೇ ಮಧ್ಯಾಹ್ನದಲ್ಲಿ ಏರುವ ನೀರನ್ನು ನಮ್ಮಪ್ಪನೂ ಕಂಡಿರಲಿಲ್ಲ, ಅಜ್ಜನೂ ಕಂಡಿರಲಿಲ್ಲ. ಕೋಟೆಯ ಮೇಲಿನಿಂದ ನೋಡಿದರೆ ನೀರಿನ ನಡುವೆ ಒಂದು ಕಮಾನು ತೂಗಾಡುತ್ತಿದೆ. ಪಾಪ, ಯಾರದೋ ಗಾಡಿ ಅಂದುಕೊಂಡೆ. ಮರುಕ್ಷಣ ಗುರುತು ಸಿಕ್ಕಿತು, ನಾನೇ ಕಟ್ಟಿದ ಹೊಸ ಕಮಾನು.

ಓಡಿ ಬಂದು ನೀರಿಗೆ ಹಾರಿದೆ. ಮೊದಲ ಅಲೆ ನನ್ನನ್ನು ಬೀಳಿಸಿತು, ಎರಡನೆಯದು ಪಂಚೆಯನ್ನು ಒಯ್ದಿತು. ದೇವೀರಿ ಕಮಾನಿನ ಬಿದಿರನ್ನು ಅಪ್ಪಿಕೊಂಡಿದ್ದಳು. ನೀರು ಅವಳ ಸೊಂಟಕ್ಕೆ ಬಂದಿತ್ತು. ಕೂಗುತ್ತಲೂ ಇರಲಿಲ್ಲ. ಆ ಮೌನ ನೋಡಿ ನನಗೆ ಅಲೆಗಿಂತ ಹೆಚ್ಚು ಭಯವಾಯಿತು. ಬಾಯಿಗೆ ಬಂದಷ್ಟು ದೇವರನ್ನು ಕರೆದೆ.

ಬಂದವರು ಮೀನು ಹಿಡಿಯುವ ಆ ಕಡೆಯ ಮುಸಲ್ಮಾನರು, ಮಾಪಿಳ್ಳೆಗಳು. ಬಲೆಯ ಹಗ್ಗವನ್ನು ಗಾಡಿಯ ಮುಂದಿನ ಮೂಕಿಮರಕ್ಕೆ ಬಿಗಿದು, ಒಂದೇ ರಾಗದಲ್ಲಿ ಹಾಡುತ್ತಾ, ಹೆಂಡತಿಯ ಸಮೇತ ಗಾಡಿಯನ್ನು ದಡಕ್ಕೆಳೆದರು. ಲಂಗೋಟಿಯಲ್ಲಿ ನಿಂತಿದ್ದ ನನಗೆ ಒಬ್ಬ ಗೋಣಿಚೀಲ ಎಸೆದ. ಗಾಡಿಯನ್ನು ಯಾಕೆ ಸಮುದ್ರಕ್ಕೆ ಇಳಿಸಿದೆ ಎಂದು ಕೈಸನ್ನೆಯಲ್ಲಿ ಕೇಳಿದ. ಗಾಲಿಯ ಸಡಿಲ ಪಟ್ಟೆ ಅಲ್ಲಾಡಿಸಿ, ನೀರು ತೋರಿಸಿದೆ. ಅವನು ಅದನ್ನು ಉಳಿದವರಿಗೆ ಹೇಳಿದ ಮೇಲೆ ಅವರು ಮರಳಿನ ಮೇಲೆ ಕುಸಿದು ನಕ್ಕರು.

ಅಲ್ಲಿ ಮೀನು ಒಣಗಿಸುತ್ತಿದ್ದ ಒಬ್ಬ ಮುದುಕಿ ಮಾತ್ರ ನಗಲಿಲ್ಲ. ಅವಳು ದೇವೀರಿಯನ್ನು ತನ್ನ ಗುಡಿಸಿಲಿಗೆ ಕರೆದೊಯ್ದು ಒಣಬಟ್ಟೆ ಉಡಿಸಿದಳು. ನಾನು ಹೊರಗೆ ತೆಂಗಿನ ಗರಿಯ ತಟ್ಟಿಗೆ ಒರಗಿ ಕೂತೆ. ಒಳಗೆ ಅಳು ಕೇಳಿಸಿತು. ಆಮೇಲೆ ತಿಂಗಳುಗಟ್ಟಲೆ ಕೇಳದಿದ್ದ ದನಿ.

"ಬಿಸ್ನೀರ್ ಉಯ್ದು ಮಲಗ್ಸಿದ್ದೆ ಕಣವ್ವ. ನನ್ ಕೂಸು ಏಳ್ನೇ ಇಲ್ಲ. ಯಾರೂ ಅದ್ರ ಮಾತೇ ಎತ್ತಾಕಿಲ್ಲ. ಉಟ್ಟೇ ಇಲ್ವೇನೋ ಅನ್ನಂಗೆ ಅವ್ರೆ. ಇವ್ರು ನಾನ್ ನಗ್ಲಿ ಅಂತ ಕೋತಿ ಆಟ ಆಡ್ತಾರೆ. ನಂಗೆ ನಗೆ ಬರಾಕಿಲ್ಲ. ಬೇಜಾರ್ ಮಾಡ್ಕಂಡಾರು ಅಂತ ಮೊಕ ತಿರುಗ್ಸ್ಕಂಡು ಕೂತಿರ್ತೀನಿ."

ಮುದುಕಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. "ಸಾರಮಿಲ್ಲ ಮೋಳೆ" ಎನ್ನುತ್ತಿದ್ದಳು, ಇರಲಿ ಮಗಳೇ ಅಂತ. ಅಷ್ಟನ್ನೇ ಮತ್ತೆ ಮತ್ತೆ ಹೇಳುತ್ತಾ ಪೂರ್ತಿ ಕೇಳಿಸಿಕೊಂಡಳು. ಕನ್ನಡ ಬರುವ ನಾನು ಅಷ್ಟೂ ಮಾಡಿರಲಿಲ್ಲ.

ವಾಪಸು ದಾರಿಯಲ್ಲಿ ನಾನು ಪಟೇಲರಂತೆ ಕೆಮ್ಮಲಿಲ್ಲ. ಘಾಟಿ ಹತ್ತುವಾಗ ಎತ್ತುಗಳ ಭಾರ ತಗ್ಗಲೆಂದು ಇಬ್ಬರೂ ಇಳಿದು ನಡೆಯುತ್ತಿದ್ದೆವು. ಅಲ್ಲಿ ಕೇಳಿದೆ:

"ಕೂಸು ಯಾರಂಗಿತ್ತು ಅಮ್ಮಿ?"

ಅವಳು ನಿಂತಳು. ಎತ್ತುಗಳು ಮುಂದೆ ಹೋದವು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಕಣ್ಣು ನಂದು. ಮೂಗು ನಿಮ್ದೇಯ, ಇಷ್ಟ್ ದಪ್ಪ. ಪಾಪ, ಗಂಡ್ಮಗ ಆಗಿದ್ಕೆ ಎಂಗೋ ನಡ್ದೋಗದು."

ಅಂದವಳೇ ನಕ್ಕಳು. ನಗುತ್ತಲೇ ಅತ್ತಳು. ನಾನೂ ಅತ್ತೆ. ಆಮೇಲೆ ಗಾಡಿಯ ಹಿಂದೆ ನಡೆಯುತ್ತಾ ಅವಳು ಹೇಳುತ್ತಾ ಹೋದಳು: ಕೂಸಿನ ಕೂದಲು, ಅದು ಬೆರಳು ಹಿಡಿಯುತ್ತಿದ್ದುದು, ಆಕಳಿಸುತ್ತಿದ್ದುದು. ಮಾಕುಟ್ಟದ ಕಾಡಿನ ಆ ಏರಿನಲ್ಲಿ ನಾನು ನನ್ನ ಮಗನನ್ನು ಮೊದಲ ಸಲ ಕಂಡೆ.